ಕುಂಬಳಕಾಯಿ ಕಳ್ಳನ ಹೆಗಲು: ಮಗಳಿಗೊಂದು ಪತ್ರ

ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದಕ್ಕೆ ನಾನು ಬರೀ ಹೂಂ ಹೂಂ ಅಂದೆ. ಟೀವಿ ಜೋರಾಗಿತ್ತು ಅಂದದ್ದು ನೆಪ. ನಿಜಕ್ಕೂ ಗಂಟಲು ಕಟ್ಟಿತ್ತು. ವೈಟ್‌ಫೀಲ್ಡಿಗೇ ಬಂದು ಎದುರು ಕೂತು ಹೇಳೋಣ ಅಂದುಕೊಂಡೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಾಯಿಸುವ ನೂಕುನುಗ್ಗಲು ನೆನಪಾಯಿತು. ಪೆನ್ನು ಹಿಡಿದೆ.

ಲೈಂಗಿಕ ಕಿರುಕುಳದ ದೂರು ವಿಚಾರಿಸುವ ನಿಮ್ಮ ಆಫೀಸಿನ ಆಂತರಿಕ ಸಮಿತಿಗೆ ನಿನ್ನನ್ನು ಹಾಕಿದ್ದಾರೆ, ಒಂದು ಹುಡುಗಿ ಒಬ್ಬನ ಮೇಲೆ ದೂರು ಕೊಟ್ಟಿದ್ದಾಳೆ ಅಂದೆ ನೀನು. ಹೆಸರು ಹೇಳಲಿಲ್ಲ. ಒಳ್ಳೆಯದು, ನಾನೂ ಕೇಳುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಮಾತು ಹೇಳಿದೆಯಲ್ಲ: "ವಿಷಯ ಹೇಳಿದ ತಕ್ಷಣ ಅವನ ಮುಖ ಬಿಳಿಚಿಕೊಂಡಿತು ಅಪ್ಪ, ಮಾತು ತೊದಲಿತು. ಅಲ್ಲೇ ಗೊತ್ತಾಯ್ತು ಬಿಡು."

ಆ "ಗೊತ್ತಾಯ್ತು ಬಿಡು" ಎರಡು ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಇದೆಯಲ್ಲ, ನನಗೆ ಅದರ ಮೇಲೆ ಹಳೇ ಸಿಟ್ಟು. ಬೂದುಗುಂಬಳ ಹೊತ್ತರೆ ಹೆಗಲಿಗೆ ಬೂದಿ ಅಂಟುತ್ತದೆ, ಒಪ್ಪಿದೆ. ಆದರೆ ಹತ್ತು ಜನರ ನಡುವೆ ನಿನ್ನ ಕಡೆ ಬೆರಳು ಮಾಡಿ ಕಳ್ಳ ಅಂತ ಕೂಗಿದರೆ, ಆ ಹಿತ್ತಲಿಗೆ ಕಾಲೇ ಇಡದವನೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ನಾನು ನೋಡಿಕೊಂಡಿದ್ದೇನೆ.

ನಿನಗೆ ಐದು ವರ್ಷ ಆಗ. 1996. ನಾನು ಒಂದು ಸಹಕಾರಿ ಸೊಸೈಟಿಯಲ್ಲಿ ಕ್ಯಾಷಿಯರ್. ಒಂದು ಸಂಜೆ ಕ್ಯಾಶ್ ಟ್ಯಾಲಿ ಆಗಲಿಲ್ಲ. ಹತ್ತು ಸಾವಿರ ಕಡಿಮೆ. ಆ ಕಾಲಕ್ಕೆ ಅದು ನನ್ನ ಮೂರು ತಿಂಗಳ ಸಂಬಳಕ್ಕಿಂತ ಜಾಸ್ತಿ. ಮೂರು ಸಲ ಎಣಿಸಿದೆವು. ಮ್ಯಾನೇಜರ್ ನನ್ನನ್ನೇ ನೋಡುತ್ತಾ, "ನೀವ್ಯಾಕೆ ಇಷ್ಟು ಬೆವರ್ತಿದೀರಿ?" ಅಂದರು. ಬೆವರದೆ ಇನ್ನೇನು ಮಾಡಲಿ? ಮಾರನೇ ದಿನ ಕೈಗೆ ಬಂದ ಅಮಾನತು ಪತ್ರದಲ್ಲಿ ಅದನ್ನೂ ಸೇರಿಸಿದ್ದರು: "ಪ್ರಶ್ನಿಸಿದಾಗ ಗಾಬರಿಗೊಂಡರು."

ನಾಲ್ಕು ತಿಂಗಳು ಮನೆಯಲ್ಲಿದ್ದೆ, ಅರ್ಧ ಸಂಬಳದಲ್ಲಿ. ನಿನ್ನಮ್ಮನ ಎರಡು ಬಳೆ ಗಿರವಿ ಅಂಗಡಿಗೆ ಹೋದವು. ಅಪ್ಪ ದಿನಾ ಸ್ಕೂಲಿಂದ ಕರೆದುಕೊಂಡು ಬರ್ತಿದ್ರು, ಬೇಕರಿಯಲ್ಲಿ ಬನ್ ಕೊಡಿಸ್ತಿದ್ರು, ಹೊಂಗೆ ಮರದ ಕೆಳಗೆ ಹೂವು ಬಿದ್ದಿರುವ ದಾರಿಯಲ್ಲಿ ಸುತ್ತು ಹಾಕಿಕೊಂಡು ಬರ್ತಿದ್ವಿ ಅಂತ ನೀನು ಈಗಲೂ ಎಲ್ಲರ ಹತ್ತಿರ ಹೇಳುತ್ತೀಯ. ನಿನ್ನ ಬಾಲ್ಯದ ಚೆಂದದ ನೆನಪು ಅದು. ಯಾಕೆ ಸುತ್ತು ಹಾಕುತ್ತಿದ್ದೆವು ಗೊತ್ತಾ? ನೇರ ದಾರಿಯಲ್ಲಿ ನಮ್ಮ ಆಫೀಸಿನ ಇಬ್ಬರ ಮನೆ ಇತ್ತು.

ಆ ನಾಲ್ಕು ತಿಂಗಳು ನಾನು ಕೇಳಿದ್ದು ಒಂದೇ. ಆ ದಿನದ ವೋಚರ್ ಕಟ್ಟು ಮತ್ತು ಉಳಿತಾಯ ಖಾತೆಯ ಲೆಡ್ಜರ್ ನನಗೆ ತೋರಿಸಿ ಅಂತ. "ಕಳ್ಳನ ಕೈಗೆ ಲೆಡ್ಜರ್ ಕೊಡ್ತಾರೇನ್ರೀ?" ಅಂದರು ಒಬ್ಬರು, ನಗುತ್ತಲೇ. ಪುಸ್ತಕ ಯಾರೂ ತೆರೆಯಲಿಲ್ಲ. ಎಲ್ಲರೂ ನನ್ನ ಮುಖವನ್ನೇ ಓದುತ್ತಿದ್ದರು.

ಕೊನೆಗೆ ಎನ್‌ಕ್ವೈರಿಗೆ ಹೊರಗಿನಿಂದ ಒಬ್ಬ ನಿವೃತ್ತ ಅಧಿಕಾರಿ ಬಂದರು. ಸಿಡುಕು ಮನುಷ್ಯ. ಬೆಳಗ್ಗೆಯಿಂದ ಒಂದು ಸಲವೂ ನಕ್ಕವರಲ್ಲ. ಆದರೆ ಕೂತ ಕೂಡಲೇ ಕೇಳಿದರು, "ನಿಮ್ಮ ಕಡೆಯಿಂದ ಏನು ಹೇಳಬೇಕು?" ಹಾಗೆ ಕೇಳಿದ ಮೊದಲನೇ ಮನುಷ್ಯ ಅವರು. ಲೆಡ್ಜರ್ ತರಿಸಿದರು. ಅದರಲ್ಲಿ ಒಬ್ಬ ಗ್ರಾಹಕರ ಖಾತೆಯಿಂದ ಹತ್ತು ಸಾವಿರ ಕಳೆದಿತ್ತು, ದಿನದ ಲೆಕ್ಕ ಬರೆಯುವ ಡೇ ಬುಕ್ಕಿನಲ್ಲಿ ಆ ಪಾವತಿಯೇ ಇರಲಿಲ್ಲ. ಅಂದರೆ ಹಣ ಕೊಟ್ಟಾಗಿತ್ತು, ಬರೆದುಕೊಂಡಿರಲಿಲ್ಲ. ವೋಚರು ಎಲ್ಲಿ? ಗೋಂದು ಹತ್ತಿ ಇನ್ನೊಂದು ವೋಚರಿನ ಬೆನ್ನಿಗೆ ಅಂಟಿಕೊಂಡು ಕಟ್ಟಿನೊಳಗೇ ಕೂತಿತ್ತು. ಹುಡುಕಲು ಅರ್ಧ ಗಂಟೆ ಸಾಕಾಯಿತು.

ನಿನ್ನ ಫೋನ್ ಬಂದ ಮೇಲೆ ನಿಮ್ಮ ಸಮಿತಿಯ ಕಾಯ್ದೆ ತರಿಸಿ ಓದಿದೆ. 2013ರದ್ದು. ಕನ್ನಡಕ ಹಾಕಿಕೊಂಡು ಎರಡು ಸಲ. ಚೆನ್ನಾಗಿ ಮಾಡಿದ್ದಾರೆ ಅನ್ನಿಸಿತು. ದೂರಿನ ಪ್ರತಿ 7 ಕೆಲಸದ ದಿನದೊಳಗೆ ಅವನಿಗೆ ಹೋಗಬೇಕು. 10 ಕೆಲಸದ ದಿನದೊಳಗೆ ಅವನು ತನ್ನ ಉತ್ತರ, ದಾಖಲೆ, ಸಾಕ್ಷಿಗಳ ಪಟ್ಟಿ ಕೊಡಬಹುದು. 90 ದಿನಕ್ಕೆ ವಿಚಾರಣೆ ಮುಗಿಯಬೇಕು. ಇಬ್ಬರ ಹೆಸರನ್ನೂ ಹೊರಗೆ ಬಿಡುವಂತಿಲ್ಲ. ಅಂದರೆ ಕ್ಯಾಂಟೀನಿನಲ್ಲಿ ಅವನ ಹೆಸರು ಆಗಲೇ ಓಡಾಡುತ್ತಿದೆ ಅಂದೆಯಲ್ಲ, ಮೊದಲು ಅದನ್ನು ನಿಲ್ಲಿಸಿ. ನಾಳೆ ತಪ್ಪಿಲ್ಲ ಅಂತ ತೀರ್ಮಾನವಾದರೆ ಆ ಕಾಗದ ಕ್ಯಾಂಟೀನಿನ ತನಕ ಹೋಗುವುದಿಲ್ಲ.

ಇಷ್ಟು ಓದಿ, ಅಪ್ಪ ಗಂಡಸರ ಪರ ನಿಂತುಬಿಟ್ಟರು ಅಂತ ಮುಖ ಊದಿಸಿಕೊಳ್ಳಬೇಡ. ಆ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಅಂತ ನಾನೆಲ್ಲಿ ಅಂದೆ? ನೀನು ಪಿಯುಸಿಯಲ್ಲಿದ್ದಾಗ ಬಸ್ಸಿನಲ್ಲಿ ನಡೆದದ್ದನ್ನು ಬಂದು ಹೇಳಿದೆ. "ನಾಳೆಯಿಂದ ಬೇರೆ ಬಸ್ಸಲ್ಲಿ ಹೋಗು" ಅಂದುಬಿಟ್ಟೆ ನಾನು. ಪೂರ್ತಿ ಕೇಳಲೂ ಇಲ್ಲ. ಎದುರಿಗೆ ಕೂತವರ ಮಾತು ಮುಗಿಯುವ ಮೊದಲೇ ತೀರ್ಮಾನ ಮಾಡಿದೆ. ಸೊಸೈಟಿಯವರು ನನಗೆ ಮಾಡಿದ್ದೂ ಅದನ್ನೇ ಅಲ್ವಾ? ಆ ಹುಡುಗಿ ಆಫೀಸಿಗೆ ಬರಲು ಹೆದರುತ್ತಿದ್ದರೆ ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಿಸಬಹುದು. ಅವಳನ್ನೋ ಅವನನ್ನೋ ಬೇರೆ ಕಡೆಗೆ ವರ್ಗ ಮಾಡಿಸಬಹುದು. ಕಾಯ್ದೆಯಲ್ಲೇ ಇದೆ. ಅದಕ್ಕೆ ಅವನು ತಪ್ಪಿತಸ್ಥ ಅಂತ ಮೊದಲು ಸಾಬೀತಾಗಬೇಕಿಲ್ಲ. ಅದೇ ರೀತಿ, ದೂರು ಸಾಬೀತಾಗಲಿಲ್ಲ ಅಂದ ಮಾತ್ರಕ್ಕೆ ಅವಳು ಸುಳ್ಳುಗಾರ್ತಿ ಆಗುವುದಿಲ್ಲ, ಬೇಕೆಂದೇ ಸುಳ್ಳು ಹೇಳಿದ್ದಾಳೆ ಅಂತ ಬೇರೆಯಾಗಿ ವಿಚಾರಿಸಿ ತೋರಿಸಬೇಕು. ಈ ಎರಡನ್ನೂ ಬರೆದವರು ಯಾರೋ ತಲೆ ಇದ್ದವರು.

"ಕೊನೆಗೆ ನಿಜ ಹೊರಗೆ ಬರುತ್ತೆ ಬಿಡಿ" ಅನ್ನುವವರ ಜೊತೆ ಮಾತ್ರ ನನಗೆ ಜಗಳ. ಇಸ್ರೊ ಗೂಢಚಾರಿಕೆ ಕೇಸು ಗೊತ್ತಲ್ಲ. 1994ರಲ್ಲಿ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಹಿಡಿದರು. 1996ರಲ್ಲೇ ಸಿಬಿಐ ಈ ಕೇಸು ಸುಳ್ಳು ಅಂದಿತು. ಆದರೂ ಸುಪ್ರೀಂ ಕೋರ್ಟು ಅವರಿಗೆ 50 ಲಕ್ಷ ಪರಿಹಾರ ಕೊಡಿ ಅಂದಿದ್ದು 2018ರ ಸೆಪ್ಟೆಂಬರಿನಲ್ಲಿ. ಎಲ್ಲರೂ ಅವರ ಫೋಟೊ ನೋಡಿ ಖುಷಿಪಟ್ಟೆವು. ಅದೇ ಕೇಸಿನಲ್ಲಿ ಸಿಕ್ಕಿಬಿದ್ದ ಇನ್ನೊಬ್ಬರು ನಮ್ಮ ಬೆಂಗಳೂರಿನಲ್ಲೇ ಇದ್ದರು, ಚಂದ್ರಶೇಖರ್ ಅಂತ. ತೀರ್ಪು ಬಂದ ದಿನ ಅವರು ಕೋಮಾಕ್ಕೆ ಜಾರಿದ್ದರು. ಎರಡು ದಿನದಲ್ಲಿ ತೀರಿಕೊಂಡರು. ತೀರ್ಪು ಏನಾಯಿತು ಅಂತ ಅವರಿಗೆ ಗೊತ್ತಾಗಲೇ ಇಲ್ಲ. ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ನಾನು ಊಟ ಬಿಟ್ಟಿದ್ದೆ. ನಿನ್ನಮ್ಮ ಶುಗರ್ ಜಾಸ್ತಿಯಾಗಿರಬೇಕು ಅಂದುಕೊಂಡಳು.

ನನ್ನದು ಅದರ ಮುಂದೆ ಯಾವ ಲೆಕ್ಕ. ಕೆಲಸ ವಾಪಸ್ ಸಿಕ್ಕಿತು, ಬಾಕಿ ಸಂಬಳ ಬಂತು, ಬಳೆಯೂ ಬಂದವು. ಆರ್ಡರಿನಲ್ಲಿ ಮೂರೇ ಸಾಲು: ಅಮಾನತು ಹಿಂತೆಗೆದುಕೊಂಡಿದೆ, ಸೋಮವಾರದಿಂದ ಹಾಜರಾಗತಕ್ಕದ್ದು. ತಪ್ಪಾಯಿತು ಅಂತ ಎಲ್ಲೂ ಇಲ್ಲ. ರಿಟೈರ್ ಆಗುವವರೆಗೂ ಸಂಜೆ ಕ್ಯಾಶ್ ಎಣಿಸುವಾಗ ಯಾರಾದರೂ ಹಿಂದೆ ಬಂದು ನಿಂತರೆ ನನ್ನ ಕೈ ಬೆವರುತ್ತಿತ್ತು. ಆಗಲೂ ಯಾರಾದರೂ ನನ್ನ ಮುಖ ನೋಡಿದ್ದರೆ "ಗೊತ್ತಾಯ್ತು ಬಿಡು" ಅನ್ನುತ್ತಿದ್ದರೇನೋ.

ಅವನನ್ನು ಮತ್ತೆ ಕರೆಸುತ್ತೀರಲ್ಲ, ಮೊದಲು ಒಂದು ಲೋಟ ನೀರು ಕೊಡಿ. ಅವಳಿಗೂ ಕೊಡಿ. ಆಮೇಲೆ ಮೆಸೇಜು, ತಾರೀಖು, ಅಲ್ಲಿದ್ದವರು ಯಾರು, ಇವನ್ನು ನೋಡಿ. ಮುಖ ನೋಡಬೇಡಿ.

ಭಾನುವಾರ ಬಾ. ಆ ಮೂರು ಸಾಲಿನ ಆರ್ಡರು ಬೀರುವಿನಲ್ಲಿ, ನಿನ್ನ ಮಾರ್ಕ್ಸ್ ಕಾರ್ಡುಗಳ ಕೆಳಗೆ ಇದೆ. ಇಷ್ಟು ವರ್ಷ ತೋರಿಸಿರಲಿಲ್ಲ. ಎದುರುಮನೆಯವರು ಊರಿಂದ ಒಂದು ಬೂದುಗುಂಬಳ ತಂದುಕೊಟ್ಟಿದ್ದಾರೆ, ಅಮ್ಮ ಮಜ್ಜಿಗೆ ಹುಳಿ ಮಾಡುತ್ತಾಳಂತೆ. ಅದನ್ನು ಮೇಲಿನ ಮನೆಗೆ ಹೊತ್ತು ತಂದವನು ನಾನೇ, ಅಂಗಿ ಇನ್ನೂ ಒಗೆಯಲು ಹಾಕಿಲ್ಲ.

ನಿನ್ನ ಅಪ್ಪ