ಅಪ್ಪನಿಗೆ, ಬಾಗ್ನರ್ ರೀಜಿಸ್‌ನಿಂದ

ಬಾಗ್ನರ್ ರೀಜಿಸ್
ಇಂಗ್ಲೆಂಡ್
ಜನವರಿ, ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನವರಿಗೆ ಮಗಳ ನಮಸ್ಕಾರಗಳು. ನಾನು ಕ್ಷೇಮ. ಅಮ್ಮನಿಗೂ ಅಜ್ಜಿಗೂ ನಮಸ್ಕಾರ, ಪುಟ್ಟನಿಗೆ ಆಶೀರ್ವಾದ.

ಅಮ್ಮನ ಕಾಗದ ಮಂಗಳವಾರ ಬಂತು. ಫೋನಿನಲ್ಲಿ ಮಾತನಾಡುವಾಗ ನೀವು ಪಕ್ಕದಲ್ಲೇ ಇರುತ್ತೀರೆಂದು ಬಾಯಿ ಬಿಡದೆ ಉಳಿಸಿಕೊಂಡಿದ್ದನ್ನೆಲ್ಲ ಎರಡು ಹಾಳೆಯ ತುಂಬ ಬರೆದಿದ್ದಾಳೆ. ದೀಪಾವಳಿ ಕಳೆದ ಮೇಲೆ ಉಳಿದ ಹಲ್ಲುಗಳನ್ನೆಲ್ಲ ಕೀಳಿಸಿದ್ದು ನನಗೆ ಗೊತ್ತಿತ್ತು. ಕೃತಕ ಹಲ್ಲಿನ ಸೆಟ್ಟು ಬಂದು ತಿಂಗಳಾದರೂ ಅದು ದೇವರ ಮನೆಯ ಕಿಟಕಿಯಲ್ಲಿ ಸ್ಟೀಲ್ ಲೋಟದೊಳಗೆ ಕುಳಿತಿದೆ ಎಂಬುದು ಗೊತ್ತಿರಲಿಲ್ಲ. ನೀವು ಬೆಳಿಗ್ಗೆಯೂ ಗಂಜಿ, ರಾತ್ರಿಯೂ ಗಂಜಿ ಕುಡಿಯುತ್ತಿದ್ದೀರಂತೆ, ಪಂಚೆ ಸೊಂಟದಲ್ಲಿ ನಿಲ್ಲುತ್ತಿಲ್ಲವಂತೆ. ನಾನು ಫೋನ್ ಮಾಡಿದಾಗಲೆಲ್ಲ ನೀವು ತೋಟಕ್ಕೆ ಹೋಗಿರುತ್ತೀರಿ ಎಂದು ಅಮ್ಮ ಹೇಳುತ್ತಿದ್ದಳು. ರಾತ್ರಿ ಒಂಬತ್ತು ಗಂಟೆಗೆ ಯಾವ ತೋಟ ಎಂದು ನಾನೂ ಕೇಳಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಓದಲು ನೀವು ಬಾಯಿ ತೆರೆಯಬೇಕಾಗಿಲ್ಲ.

ಎಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಕಾಗದದ ಕೊನೆಯ ಸಾಲು. ಹಾರ್ಮೋನಿಯಂ ಮೇಷ್ಟ್ರು ತಾವಾಗಿ ಮನೆಗೆ ಬಂದು, ಜಾತ್ರೆಗೆ ಕುರುಕ್ಷೇತ್ರ ನಾಟಕ ಕಟ್ಟುತ್ತಿದ್ದೇವೆ, ವಿದುರ ಆಗದಿದ್ದರೆ ಧೃತರಾಷ್ಟ್ರನನ್ನಾದರೂ ಮಾಡಿ ಎಂದು ಕೇಳಿದರಂತೆ. ಬೊಚ್ಚುಬಾಯಿಯವನಿಗೆ ಇನ್ನೆಂಥ ಪಾತ್ರ ಎಂದು ನೀವು ಒಳಗೆ ಹೋಗಿ ಮಲಗಿದಿರಂತೆ. ಮೂವತ್ತು ವರ್ಷ ವಿದುರನಾಗಿ ನಿಂತವರು ನೀವು. ಕೃಷ್ಣ, ಭೀಮ, ದುರ್ಯೋಧನರ ಪಾತ್ರಕ್ಕೆ ಊರಿನವರು ದುಡ್ಡು ಕಟ್ಟಿ ಕಿತ್ತಾಡುವಾಗ ಒಂದು ದಿನವೂ ನನಗೂ ಇರಲಿ ಎಂದು ಕೇಳಿದವರಲ್ಲ. ಬೆಳಗಿನ ಜಾವ ಮೂರಕ್ಕೆ ಜನರೆಲ್ಲ ತೂಕಡಿಸುವ ಹೊತ್ತಿನಲ್ಲಿ ನಿಮ್ಮ ಕಂದಪದ್ಯ ಬಂದರೆ ಕಂಬಳಿಯೊಳಗಿದ್ದ ನಾನು ಎದ್ದು ಕೂರುತ್ತಿದ್ದೆ. ಆ ಬಾಯಿ ಸುಮ್ಮನಾಯಿತು ಎಂದು ಅಮ್ಮ ಬರೆದರೆ ನನಗೆ ಇಲ್ಲಿ ಅನ್ನ ಇಳಿಯುವುದು ಹೇಗೆ?

ನಾನು ನಿಮಗೆ ಒಬ್ಬರ ವಿಷಯ ಹೇಳಬೇಕು. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಕೆಲಸ ಮಾಡುವ ಕೇರ್ ಹೋಮಿನ, ಅಂದರೆ ವೃದ್ಧಾಶ್ರಮದ, ಹನ್ನೊಂದನೇ ಕೋಣೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿದವರು. ನನ್ನ ಅಪ್ಪ ತಿಪಟೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದರು ಎಂದು ಹೇಳಿದ ದಿನದಿಂದ ನನ್ನನ್ನು ತಮ್ಮ ಇಲಾಖೆಯ ಹುಡುಗಿ ಎಂದೇ ಎಲ್ಲರಿಗೂ ಪರಿಚಯಿಸುತ್ತಾರೆ. ಭಾನುವಾರ ಮಧ್ಯಾಹ್ನ ಅವರ ಕೋಣೆಯಲ್ಲಿ ಹಳೆಯ ಕಪ್ಪು ಬಿಳುಪು ಚಿತ್ರ ನಡೆಯುತ್ತದೆ. ಅಲ್ಲೇ ನಾನು ಮೂರ್ ಮ್ಯಾರಿಯಟ್ ಎಂಬ ನಟರನ್ನು ನೋಡಿದ್ದು. 1937ರ ಆ ಚಿತ್ರದ ಹೆಸರು 'ಓ ಮಿಸ್ಟರ್ ಪೋರ್ಟರ್'. ನಾಯಕ ವಿಲ್ ಹೇ ಯಾರಿಗೂ ಬೇಡವಾದ ಒಂದು ಕುಗ್ರಾಮಕ್ಕೆ ಸ್ಟೇಷನ್ ಮಾಸ್ಟರ್ ಆಗಿ ಬರುತ್ತಾನೆ. ಟಿಕೆಟ್ ಕಿಟಕಿ ತಟ್ಟುತ್ತಾನೆ. ಕಿಟಕಿ ಮೇಲೇಳುತ್ತದೆ, ಕೆದರಿದ ಬಿಳಿಕೂದಲಿನ, ಬಾಯಿ ಒಳಗೆ ಸೇರಿಹೋದ ಒಬ್ಬ ಮುದುಕ ಇಣುಕಿ, ಮುಂದಿನ ಗಾಡಿ ಹೊರಟುಹೋಯಿತು ಎಂದು ಹೇಳಿ ಕಿಟಕಿಯನ್ನು ಧಡಾರನೆ ಇಳಿಸುತ್ತಾನೆ. ಅಷ್ಟೇ. ಹನ್ನೊಂದನೇ ಕೋಣೆಯ ಅಜ್ಜನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ನನಗೂ ಅಷ್ಟೇ, ಆದರೆ ನನಗೆ ನಿಮ್ಮ ಕಿಟಕಿ ನೆನಪಾಗಿ ನೀರು ಬಂತು.

ಆ ಮುದುಕ ಹಾರ್ಬಾಟಲ್. ಅದನ್ನು ಮಾಡಿದ ಮ್ಯಾರಿಯಟ್ ಅವರಿಗೆ ಆಗ ಎಷ್ಟು ವಯಸ್ಸು ಹೇಳಿ ನೋಡೋಣ. ಐವತ್ತೊಂದು! ಅವರು ಹುಟ್ಟಿದ್ದು 1885ರ ಸೆಪ್ಟೆಂಬರ್‌ನಲ್ಲಿ, ಚಿತ್ರ ತೆಗೆದದ್ದು 1937ರ ಬೇಸಿಗೆಯಲ್ಲಿ. ನಾಯಕ ವಿಲ್ ಹೇಗಿಂತ ಮೂರೇ ವರ್ಷ ದೊಡ್ಡವರು. ನಿಮಗಿಂತ ಹದಿನೇಳು ವರ್ಷ ಚಿಕ್ಕವರಾಗಿದ್ದಾಗ ಎಂಬತ್ತರ ಮುದುಕನಾಗಿ ನಿಂತರು. ಹೇಗೆ ಎಂದರೆ, ಹಲ್ಲು ತೆಗೆದಿಟ್ಟು. ಅವರ ಬಳಿ ನಾಲ್ಕು ಜೊತೆ ಕೃತಕ ಹಲ್ಲುಗಳಿದ್ದವು, ಪಾತ್ರಕ್ಕೆ ತಕ್ಕ ಜೊತೆಯನ್ನು ಹಾಕಿಕೊಳ್ಳುತ್ತಿದ್ದರು. ಒಂದು ಜೊತೆಗೆ ಒಂದು ಮುಖ. ಹಾರ್ಬಾಟಲ್ ಆಗಬೇಕಾದರೆ ಯಾವುದೂ ಬೇಡ. ನಿಮ್ಮ ಬಣ್ಣದ ಪೆಟ್ಟಿಗೆಯಲ್ಲಿ ಗಡ್ಡ, ಮೀಸೆ, ಜಟೆ ಇರುವ ಹಾಗೆ ಅವರ ಪೆಟ್ಟಿಗೆಯಲ್ಲಿ ಹಲ್ಲುಗಳಿದ್ದವು ಅಪ್ಪ. ನೀವು ಅವಮಾನವೆಂದು ಲೋಟದಲ್ಲಿ ಮುಳುಗಿಸಿಟ್ಟಿದ್ದನ್ನು ಅವರು ತಮ್ಮ ವೇಷದ ಸಾಮಾನು ಮಾಡಿಕೊಂಡಿದ್ದರು.

ಅವರೂ ನಾಟಕದವರ ಮನೆಯಲ್ಲೇ ಹುಟ್ಟಿದವರು. ಸಿನಿಮಾ ಇನ್ನೂ ಕಣ್ಣು ಬಿಡುತ್ತಿದ್ದ ಮೂಕಿ ಕಾಲದಲ್ಲೇ ಅದಕ್ಕೆ ಇಳಿದರು. 1928ರಲ್ಲಿ 'ಸ್ವೀನಿ ಟಾಡ್' ಎಂಬ ಮೂಕಿ ಚಿತ್ರದಲ್ಲಿ ಗಿರಾಕಿಗಳ ಕತ್ತು ಕೊಯ್ಯುವ ಕ್ಷೌರಿಕನ ಪಾತ್ರವನ್ನು, ಅಂದರೆ ಮುಖ್ಯ ಪಾತ್ರವನ್ನೇ, ಮಾಡಿದ್ದಾರೆ. ಆಮೇಲೆ ಮಾತಿನ ಚಿತ್ರ ಬಂತು, ಅವರು ಮತ್ತೆ ಪಕ್ಕದ ಪಾತ್ರಗಳಿಗೆ ಬಂದರು. ಈ ದೇಶದಲ್ಲಿ 1927ರಲ್ಲಿ ಒಂದು ಕಾನೂನು ಮಾಡಿದರು. ಅಮೆರಿಕದ ಚಿತ್ರಗಳೇ ತುಂಬಿಹೋಗಿದ್ದರಿಂದ, ಇಷ್ಟು ಪಾಲು ಬ್ರಿಟಿಷ್ ಚಿತ್ರಗಳನ್ನು ಹಂಚಲೇಬೇಕು, ತೋರಿಸಲೇಬೇಕು ಎಂದು. ಲೆಕ್ಕ ಭರ್ತಿಗೆಂದು ಕಡಿಮೆ ದುಡ್ಡಿನಲ್ಲಿ ಅವಸರವಸರವಾಗಿ ಚಿತ್ರ ತೆಗೆಯುವುದು ಶುರುವಾಯಿತು. ಅಂಥ ಚಿತ್ರಗಳ ಬಗ್ಗೆ ಇಲ್ಲಿಯವರು ಹಗುರವಾಗಿ ಮಾತನಾಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಬ್ಬ ಅಂಚೆಯವ, ಒಬ್ಬ ರೈತ, ಒಬ್ಬ ಕುಡುಕ ತಾತ ಎಂದು ಎರಡು ದಿನ, ಮೂರು ದಿನದ ಕೆಲಸ ಸಿಕ್ಕಿ ಎಷ್ಟೋ ನಟರ ಮನೆಯ ಒಲೆ ಉರಿದಿದೆ. ಐವತ್ತು ದಾಟುವಾಗ ಹಾರ್ಬಾಟಲ್ ಸಿಕ್ಕಿತು, ದೇಶಕ್ಕೆಲ್ಲ ಅವರ ಮುಖ ಗೊತ್ತಾಯಿತು.

1939ರ 'ಆಸ್ಕ್ ಎ ಪೊಲೀಸ್‌ಮನ್' ಎಂಬ ಚಿತ್ರದಲ್ಲಿ ಅವರು ಹಾರ್ಬಾಟಲ್ಲೂ ಹೌದು, ಹಾರ್ಬಾಟಲ್‌ನ ಅಪ್ಪನೂ ಹೌದು. ಮುದುಕನಿಗಿಂತ ಮುದುಕ! ಬರೀ ಗಡ್ಡ ಬದಲಾಯಿಸಿದ್ದಲ್ಲ. ಮಗನ ಕೈ ಚಟಪಟ ಓಡುತ್ತದೆ, ಅಪ್ಪನದು ಬೇರೆಯೇ ನಿಧಾನ. ನೀವು ಒಂದೇ ರಾತ್ರಿ ಮೊದಲು ದೂತನಾಗಿ, ಆಮೇಲೆ ವಿದುರನಾಗಿ ಬರುವಾಗ ನಡಿಗೆಯನ್ನೇ ಬದಲಾಯಿಸುತ್ತಿದ್ದಿರಲ್ಲ, ಹಾಗೆ.

ರೈಲಿನ ವಿಷಯವನ್ನೂ ಹೇಳಿಬಿಡುತ್ತೇನೆ, ನಿಮಗೆ ಇಷ್ಟವಾಗುತ್ತದೆ. 'ಓ ಮಿಸ್ಟರ್ ಪೋರ್ಟರ್' ಕಥೆಯಲ್ಲಿ ಆ ಊರು ಉತ್ತರ ಐರ್ಲೆಂಡಿನದು. ತೆಗೆದದ್ದು ಹ್ಯಾಂಪ್‌ಶೈರ್‌ನ ಕ್ಲಿಡ್ಸ್‌ಡನ್ ಎಂಬ ಪುಟ್ಟ ಸ್ಟೇಷನ್ನಿನಲ್ಲಿ, ಬೇಸಿಂಗ್‌ಸ್ಟೋಕ್‌ನಿಂದ ಆಲ್ಟನ್‌ಗೆ ಹೋಗುತ್ತಿದ್ದ ಹಳಿಯ ಮೇಲೆ. ಪ್ರಯಾಣಿಕರ ಗಾಡಿ 1932ರಲ್ಲೇ ನಿಂತಿತ್ತು, ಗೂಡ್ಸ್ 1936ರಲ್ಲಿ. ಖಾಲಿ ಬಿದ್ದ ಹಳಿಯಾದ್ದರಿಂದ ಇವರಿಗೆ ಅನುಕೂಲವಾಯಿತು. ಚಿತ್ರದ ಮುದಿ ಇಂಜಿನ್ ಗ್ಲಾಡ್‌ಸ್ಟನ್ ನಿಜವಾಗಿ 1899ರದು, ನಿಜ ಹೆಸರು ನಾರ್ದಿಯಮ್. ಬೇರೆ ಕಂಪನಿಯಿಂದ ತಂದು ಉದ್ದನೆಯ ಹೊಗೆಕೊಳವೆ ಸಿಕ್ಕಿಸಿ ಇನ್ನಷ್ಟು ಮುದಿ ಮಾಡಿದರು. ನೋಡಿ, ಇಂಜಿನ್ನಿಗೂ ವೇಷ. ಚಿತ್ರ ಮುಗಿದ ಮೇಲೆ ವಾಪಸು ಹೋಗಿ ಕೆಲಸ ಮಾಡಿತು, 1941ರಲ್ಲಿ ಗುಜರಿಗೆ ಹೋಯಿತು.

ಮ್ಯಾರಿಯಟ್ ಬರೀ ನಗಿಸಿದವರಲ್ಲ. ಯುದ್ಧದ ಸಮಯದಲ್ಲಿ, 1943ರಲ್ಲಿ, 'ಮಿಲಿಯನ್ಸ್ ಲೈಕ್ ಅಸ್' ಎಂಬ ಚಿತ್ರದಲ್ಲಿ ಒಬ್ಬ ಅಪ್ಪನ ಪಾತ್ರ ಮಾಡಿದರು. ಮಗಳಿಗೆ ವಿಮಾನದ ಕಾರ್ಖಾನೆಯಲ್ಲಿ ಕೆಲಸಕ್ಕೆ ಕರೆ ಬರುತ್ತದೆ, ಅವಳು ಮನೆ ಬಿಟ್ಟು ದೂರದ ಹಾಸ್ಟೆಲಿಗೆ ಹೋಗುತ್ತಾಳೆ, ಅಪ್ಪ ಮನೆಯಲ್ಲಿ ಉಳಿಯುತ್ತಾನೆ. ಅದನ್ನು ನಾನು ಹನ್ನೊಂದನೇ ಕೋಣೆಯಲ್ಲಿ ನೋಡಲಾಗದೆ ಎದ್ದುಬಂದೆ. ನಾನು ಹೊರಟ ದಿನ ಪ್ಲಾಟ್‌ಫಾರ್ಮಿನಲ್ಲಿ ನೀವು ನನ್ನ ಪೆಟ್ಟಿಗೆಯ ಬೀಗವನ್ನು ನಾಲ್ಕು ಸಲ ಎಳೆದು ನೋಡಿದಿರಿ, ಬೇರೆ ಒಂದು ಮಾತೂ ಆಡಲಿಲ್ಲ. ಅದು ನೆನಪಾಯಿತು.

ಅವರು 1949ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಅರವತ್ತನಾಲ್ಕನೇ ವಯಸ್ಸಿನಲ್ಲಿ, ಇದೇ ಬಾಗ್ನರ್ ರೀಜಿಸ್‌ನಲ್ಲಿ. ಇದು ಗೊತ್ತಾದ ಮೇಲೆ ಸಮುದ್ರದ ದಂಡೆಯಲ್ಲಿ ನಡೆಯುವಾಗ ಯಾವುದೋ ಪರಿಚಯದವರ ಊರಿನಲ್ಲಿದ್ದೇನೆ ಅನ್ನಿಸುತ್ತದೆ. ಸಣ್ಣ ಊರೆಂದು ತಿಳಿಯಬೇಡಿ. 1929ರಲ್ಲಿ ಐದನೇ ಜಾರ್ಜ್ ದೊರೆ ಕಾಯಿಲೆಯಿಂದ ಚೇತರಿಸಿಕೊಳ್ಳಲು ಇಲ್ಲೇ ಪಕ್ಕದಲ್ಲಿ ಬಂದು ಉಳಿದರು, ಅದಕ್ಕೇ ರೀಜಿಸ್, ಅಂದರೆ ದೊರೆಯದು, ಎಂಬ ಬಿರುದು ಸೇರಿತು. ಸಮುದ್ರದಂಡೆ ಎಂದರೆ ನಮ್ಮ ಗೋಕರ್ಣದ ಹಾಗೆ ಮರಳಲ್ಲ, ದಂಡೆಯ ಮೇಲುಭಾಗವೆಲ್ಲ ಉರುಟು ಕಲ್ಲು. ಈಗ ನಾಲ್ಕೂವರೆಗೆ ಕತ್ತಲಾಗುತ್ತದೆ. ಕಡಲಹಕ್ಕಿಗಳು ಕೈಯಲ್ಲಿದ್ದ ತಿಂಡಿಯನ್ನೇ ಹಾರಿಸಿಕೊಂಡು ಹೋಗುತ್ತವೆ, ಶ್ರೀರಂಗಪಟ್ಟಣದ ಕೋತಿಗಳಿಗಿಂತ ಧೈರ್ಯ.

ಈಗ ಕೆಲಸದ ಮಾತು. ನಾನು ದಿನವೂ ರಾತ್ರಿ ಒಂಬತ್ತು ಜನರ ಹಲ್ಲಿನ ಸೆಟ್ಟು ತೊಳೆಯುತ್ತೇನೆ, ಆದ್ದರಿಂದ ನನ್ನ ಮಾತು ಕೇಳಿ. ಬೇಸಿನ್ನಿನಲ್ಲಿ ಮೊದಲು ನೀರು ತುಂಬಿಸಿ, ಅದರ ಮೇಲೆ ಹಿಡಿದು ಉಜ್ಜಬೇಕು. ಕೈಜಾರಿದರೆ ನೀರಿಗೆ ಬೀಳುತ್ತದೆ, ಒಡೆಯುವುದಿಲ್ಲ. ಬಿಸಿನೀರು ಬೇಡ, ಆಕಾರ ಕೆಡುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ, ಹಗಲು ಬಾಯಲ್ಲಿರಲಿ. ಈಗ ನೀವು ಮಾಡುತ್ತಿರುವುದು ತಿರುಗುಮುರುಗು.

ನೀವು ಒತ್ತುತ್ತದೆ ಎಂದು ಅದನ್ನು ಮರಳುಕಾಗದದಲ್ಲಿ ಉಜ್ಜಿದ್ದೀರಂತೆ. ಅಪ್ಪ, ನಿಮ್ಮ ಕಾಲಿಗೆ ಬೀಳುತ್ತೇನೆ, ಇನ್ನೊಮ್ಮೆ ಹಾಗೆ ಮಾಡಬೇಡಿ. ಹಲ್ಲು ಕಿತ್ತ ಮೇಲೆ ವಸಡು ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಮೊದಲು ಸರಿಯಾಗಿದ್ದ ಸೆಟ್ಟು ಆಮೇಲೆ ಸಡಿಲವಾಗುವುದು ಸಹಜ. ಒಳಗೆ ಇನ್ನೊಂದು ಪದರ ಕೊಟ್ಟು ಸರಿಮಾಡುತ್ತಾರೆ. ಎಲ್ಲಿ ಹುಣ್ಣಾಗಿದೆಯೋ ಅಲ್ಲಿ ಒತ್ತುವ ಸೆಟ್ಟಿನ ಭಾಗವನ್ನಷ್ಟೇ ಡಾಕ್ಟರು ಕೊರೆದು ತೆಗೆಯುತ್ತಾರೆ. ಮೊದಲಿನ ಡಾಕ್ಟರು ಎರಡು ನಿಮಿಷ ನೋಡಿ ಕಳಿಸಿದರೆಂದು ಸಿಟ್ಟು ಮಾಡಿಕೊಂಡಿದ್ದೀರಿ, ಇರಲಿ, ಬೇರೆಯವರ ಬಳಿ ಹೋಗಿ. ಪುಟ್ಟನ ಖಾತೆಗೆ ಶುಕ್ರವಾರ ಹದಿನೈದು ಸಾವಿರ ಹಾಕಿದ್ದೇನೆ. ನನಗೇನೂ ತೊಂದರೆಯಿಲ್ಲ, ನಿಜವಾಗಿಯೂ ಇಲ್ಲ, ಈ ತಿಂಗಳು ಹೆಚ್ಚುವರಿ ಪಾಳಿಯ ದುಡ್ಡು ಬಂದಿದೆ. ಹೊಸ ಸೆಟ್ಟೇ ಬೇಕೆಂದರೂ ಮಾಡಿಸಿ. ಬೇಕಾದರೆ ನಾಲ್ಕು ಮಾಡಿಸಿ.

ಊಟ ಗಂಜಿಯೊಂದೇ ಆಗಬಾರದು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಮೆತ್ತಗೆ ತೊಳಸಲು ಅಮ್ಮನಿಗೆ ಹೇಳಿ, ಬಸ್ಸಾರಿನ ಜೊತೆ ನುಂಗಿ. ಸೆಟ್ಟು ಹಾಕಿಕೊಂಡ ಮೇಲೆ ತುತ್ತನ್ನು ಸಣ್ಣದು ಮಾಡಿ ಎರಡೂ ಕಡೆ ಸಮವಾಗಿ ಅಗಿಯಿರಿ, ಒಂದೇ ಕಡೆ ಅಗಿದರೆ ಎದ್ದು ಬರುತ್ತದೆ. ಕೊಬ್ಬರಿ ಚೂರು ಇನ್ನು ಸ್ವಲ್ಪ ಕಾಲ ಬೇಡ. ತಿಪಟೂರಿನವರಿಗೆ ಅದು ಕಷ್ಟವೇ, ಗೊತ್ತು.

ಮಾತು ತೊದಲುವುದು ಕೆಲವು ವಾರ ಅಷ್ಟೇ. ಸ, ಶ, ಫ ಮೊದಲು ಜಾರುತ್ತವೆ. ಬೆಳಿಗ್ಗೆ ಬಾಗಿಲು ಹಾಕಿಕೊಂಡು ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ಅದಾದ ಮೇಲೆ ವಿದುರನ ಪದ್ಯ ಹೇಳಿ. ಈ ವರ್ಷ ವಿದುರ ಬೇಡ ಎನ್ನಿಸಿದರೆ ಮೇಷ್ಟ್ರು ಹೇಳಿದ ಹಾಗೆ ಧೃತರಾಷ್ಟ್ರನನ್ನು ಒಪ್ಪಿಕೊಳ್ಳಿ. ಮಕ್ಕಳ ಸಾವಿನ ಸುದ್ದಿ ಕೇಳುವ ಆ ಕೊನೆಯ ಸೀನಿನಲ್ಲಿ ಸೆಟ್ಟು ತೆಗೆದಿಟ್ಟು ರಂಗಕ್ಕೆ ಹೋಗಿ. ಗುಳಿಬಿದ್ದ ಆ ಕೆನ್ನೆಯನ್ನು ಯಾವ ಮೇಕಪ್ಪಿನವನೂ ಬರೆಯಲಾರ.

ಅರಸೀಕೆರೆ ಸಂಬಂಧದ ವಿಷಯ ಅಮ್ಮ ಕೇಳಿದ್ದಾಳೆ. ಅದನ್ನು ಆಮೇಲೆ ಮಾತನಾಡೋಣ, ನೀವು ಫೋನ್ ತೆಗೆದುಕೊಂಡರೆ ನಿಮ್ಮೊಂದಿಗೆ ಮಾತ್ರ ಮಾತನಾಡುತ್ತೇನೆ ಎಂದು ಅವಳಿಗೆ ಹೇಳಿ.

ನನ್ನ ಬಗ್ಗೆ ಚಿಂತೆ ಬೇಡ. ಎರಡು ಸ್ವೆಟರ್, ಮೇಲೊಂದು ಕೋಟು, ಕಿವಿಗೆ ಟೋಪಿ ಹಾಕಿಕೊಂಡೇ ಹೊರಗೆ ಹೋಗುತ್ತೇನೆ. ಕೆಮ್ಮು ಪೂರ್ತಿ ಹೋಗಿದೆ. ದಿನಕ್ಕೆ ಎರಡು ಹೊತ್ತು ಅನ್ನ ಮಾಡಿಕೊಳ್ಳುತ್ತೇನೆ, ಅಜ್ಜಿಯ ಸಾರಿನ ಪುಡಿ ಇನ್ನೂ ಅರ್ಧ ಡಬ್ಬಿ ಇದೆ. ತೂಕವೂ ಜಾಸ್ತಿಯಾಗಿದೆ, ನಿಜ.

ರಾತ್ರಿ ಪಾಳಿಗೆ ಹೊತ್ತಾಯಿತು, ಬಸ್ಸು ತಪ್ಪಿದರೆ ನಡೆಯಬೇಕು. ಹೋಗುವಾಗಲೇ ಅಂಚೆ ಡಬ್ಬಿಗೆ ಹಾಕುತ್ತೇನೆ. ಜಾತ್ರೆಯ ತಾರೀಖು ತಿಳಿಸಿ, ರಜೆ ಬರೆಯಬೇಕು. ತಾಲೀಮಿಗೆ ಹೋಗಿ ಬಂದ ದಿನ ಫೋನ್ ಮಾಡಿ.

ನಿಮ್ಮ ಮಗಳು,
ಸುಮಾ