ಮಂಗಳವಾರ ರಾತ್ರಿ ಎಂಟಕ್ಕೆ ಸೆಟ್ ಆನ್ ಮಾಡು

ಪ್ರಿಯ ಗೆಳೆಯಾ,

ಹೇಗಿದ್ದೀಯ? ಚಿಕ್ಕಮಗಳೂರಲ್ಲಿ ಮಳೆ ಹಿಡಿದಿದೆಯಂತೆ. ಹಾಸನದಲ್ಲಿ ಬರೀ ಮೋಡ, ಗಾಳಿ. ಫೋನಲ್ಲಿ ಹೇಳಹೊರಟರೆ ಅರ್ಧ ಮಾತು ಒಳಗೇ ಉಳಿದುಬಿಡುತ್ತದೆ, ಅದಕ್ಕೇ ಈ ಪತ್ರ. ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವ ನಮ್ಮ ಕಡೆಯ ಬೇರೆ ಹ್ಯಾಮ್‌ಗಳೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಹೋದ ಸಲ ಸಿಕ್ಕಾಗ ನೀನು ಅಂದೆ, ‘ಎರಡು ಮೀಟರ್ ಬ್ಯಾಂಡಲ್ಲಿ ಒಂದು ನರಪಿಳ್ಳೆಯೂ ಇಲ್ಲ ಮಾರಾಯ, ಸೆಟ್ ಬೀರುವಲ್ಲಿಟ್ಟಿದ್ದೇನೆ’ ಅಂತ. (ಎರಡು ಮೀಟರ್ ಅಂದರೆ ನಮಗೆ ಕೊಟ್ಟಿರುವ 144ರಿಂದ 146 ಮೆಗಾಹರ್ಟ್ಸಿನ ಪಟ್ಟಿ.) ನಿನ್ನ ಆ ಮಾತು ಇನ್ನೂ ಕೊರೆಯುತ್ತಿದೆ. ಜನ ಇಲ್ಲ ಅನ್ನೋದು ನಿಜ ಅಲ್ಲ. ಲೈಸೆನ್ಸ್ ಇರುವವರು ಇದ್ದಾರೆ, ಅವರ ಮನೆಯಲ್ಲಿ ಸೆಟ್ಟೂ ಇದೆ. ಒಬ್ಬ ಬೆಳಿಗ್ಗೆ ಆರಕ್ಕೆ ಕೂಗಿ ನೋಡುತ್ತಾನೆ, ಇನ್ನೊಬ್ಬ ರಾತ್ರಿ ಹತ್ತಕ್ಕೆ. ಇಬ್ಬರಿಗೂ ಉತ್ತರ ಬರಲ್ಲ. ಬ್ಯಾಂಡ್ ಸತ್ತಿದೆ ಅಂದುಕೊಂಡು ಇಬ್ಬರೂ ಸ್ವಿಚ್ ಆರಿಸುತ್ತಾರೆ. ಊರ ಸಂತೆಗೆ ವಾರದಲ್ಲಿ ಒಂದು ದಿನ ಗೊತ್ತಾಗಿರುವುದಕ್ಕೇ ತಾನೆ ಸುತ್ತಲಿನ ಹಳ್ಳಿಯವರೆಲ್ಲ ಅಲ್ಲಿ ಸೇರೋದು? ಬೇರೆ ದಿನ ಹೋದರೆ ಖಾಲಿ ಬಯಲು.

ಹಾಗಾಗಿ ನಾವು ಕೆಲವರು ಇಲ್ಲಿ ಮಂಗಳವಾರ ರಾತ್ರಿ ಎಂಟು ಗಂಟೆಯನ್ನು ಗೊತ್ತು ಮಾಡಿಕೊಂಡಿದ್ದೇವೆ. ಮೊದಲು 145.500 ಮೆಗಾಹರ್ಟ್ಸಿನಲ್ಲಿ ಕರೆಯುತ್ತೇವೆ. ಯಾರಾದರೂ ಸಿಕ್ಕ ಮೇಲೆ ಪಕ್ಕದ ಫ್ರೀಕ್ವೆನ್ಸಿಗೆ ಸರಿದು ಮಾತು. ಸುಮಾರು ಒಂಬತ್ತೂವರೆಗೆ ಮುಗಿಸುತ್ತೇವೆ.

ಈ ಪದ್ಧತಿ ಬೇರೆ ಕಡೆ ಚೆನ್ನಾಗಿ ಬೇರು ಬಿಟ್ಟಿದೆ. ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡಿನ ವಿಎಚ್‌ಎಫ್ (ಅತಿ ಹೆಚ್ಚಿನ ಫ್ರೀಕ್ವೆನ್ಸಿಯ) ಹ್ಯಾಮ್‌ಗಳಿಗೆ ಮಂಗಳವಾರ ಅಂದರೆ ರೇಡಿಯೊ ಸಂಜೆ. ತಿಂಗಳ ಮೊದಲ ಮಂಗಳವಾರ 144 ಮೆಗಾಹರ್ಟ್ಸ್, ಎರಡನೆಯದು 432, ಮೂರನೆಯದು 1296. ಬ್ರಿಟನ್ನಿನವರೂ ಮಂಗಳವಾರವನ್ನೇ ಹಿಡಿದಿದ್ದಾರೆ, ಅಲ್ಲಿ ರಾತ್ರಿ ಎಂಟರಿಂದ ಹತ್ತೂವರೆ ತನಕ. ಅಲ್ಲೆಲ್ಲ ಇದು ಸ್ಪರ್ಧೆ, ಎಷ್ಟು ದೂರದವರ ಜೊತೆ ಮಾತಾಡಿದೆವೋ ಅದಕ್ಕೆ ತಕ್ಕ ಹಾಗೆ ಅಂಕ. ನಾರ್ಡಿಕ್ ಕಡೆ ಹೊಸ ಗ್ರಿಡ್ ಚೌಕದವರು ಸಿಕ್ಕರೆ ಮೇಲೊಂದಿಷ್ಟು ಅಂಕ. ನಮಗೆ ಸದ್ಯಕ್ಕೆ ಅಂಕ, ಬಹುಮಾನ ಏನೂ ಬೇಡ. ಆದರೆ ಆ ಚೌಕದ ಲೆಕ್ಕ ನನಗೆ ಬಹಳ ಹಿಡಿಸಿತು. ಯಾಕೆ ಅಂತ ಹೇಳುತ್ತೇನೆ.

ಭೂಮಿಯನ್ನೆಲ್ಲ ಎರಡು ಡಿಗ್ರಿ ರೇಖಾಂಶ, ಒಂದು ಡಿಗ್ರಿ ಅಕ್ಷಾಂಶದ ಚೌಕಗಳಾಗಿ ಹಂಚಿದ್ದಾರಲ್ಲ, ಒಂದೊಂದು ಚೌಕ ನಮ್ಮ ಕಡೆ ಇನ್ನೂರು ಚಿಲ್ಲರೆ ಕಿಲೋಮೀಟರ್ ಅಗಲ, ನೂರು ಚಿಲ್ಲರೆ ಎತ್ತರ. ಮ್ಯಾಪ್ ತೆಗೆದು 13 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವ ಎಲ್ಲಿ ಕೂಡುತ್ತವೆ ನೋಡು. ಆಲೂರಿನ ಹತ್ತಿರ! ಅಂದರೆ ನಾಲ್ಕು ಚೌಕ ಒಂದಕ್ಕೊಂದು ತಾಗುವ ಮೂಲೆ ನಮ್ಮ ಜಿಲ್ಲೆಯೊಳಗೇ ಇದೆ. ಪ್ರತಿ ಚೌಕಕ್ಕೂ ಅಕ್ಷರ, ಅಂಕೆ ಸೇರಿದ ಒಂದು ಹೆಸರಿದೆ: ಅರಸೀಕೆರೆ ಎಂಕೆ 83. ಬೇಲೂರು, ನಿಮ್ಮ ಚಿಕ್ಕಮಗಳೂರು ಎಂಕೆ 73. ಹೊಳೆನರಸೀಪುರ ಎಂಕೆ 82. ಸಕಲೇಶಪುರ ಎಂಕೆ 72. ಹಾಸನ ಪೇಟೆಯಂತೂ 13 ಡಿಗ್ರಿ ಗೆರೆಯ ಪಕ್ಕದಲ್ಲೇ ಕೂತಿದೆ. ಬೇರೆ ದೇಶದ ಹ್ಯಾಮ್‌ಗಳು ಇಂಥ ಮೂಲೆ ಹುಡುಕಿಕೊಂಡು ಗುಡ್ಡ ಮರಡಿ ಅಲೆಯುತ್ತಾರೆ. ನಮಗೆ ಬಸ್ ಹತ್ತಿದರೆ ಸಾಕು. ಮಳೆ ಬಿಟ್ಟ ಮೇಲೆ ಒಂದು ಮಂಗಳವಾರ ಬೈಕಲ್ಲಿ ಆಲೂರು ಕಡೆ ಹೋಗಿ, ಒಂದೇ ಸಂಜೆ ನಾಲ್ಕೂ ಚೌಕದಿಂದ ಕರೆಯಬೇಕು ಅನ್ನೋದು ನನ್ನ ಆಸೆ. ನೀನೂ ಬಾ.

ನಿನ್ನ ಮನೆಗೂ ನನ್ನ ಮನೆಗೂ ನೇರ ಗೆರೆ ಎಳೆದರೆ ಸುಮಾರು 50 ಕಿಲೋಮೀಟರ್. ಐದು ವ್ಯಾಟಿನ ಹ್ಯಾಂಡ್‌ಸೆಟ್ಟಿಗೆ ರಬ್ಬರ್ ಆಂಟೆನಾ ಸಿಕ್ಕಿಸಿ ರೂಮಿನೊಳಗೆ ಕೂತರೆ ಅಷ್ಟು ದೂರ ಆಗೋ ಮಾತಲ್ಲ. ಅದಕ್ಕೆ ದುಡ್ಡು ಸುರಿಯೋದೂ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಡಗಿಗಳು ಬಳಸುವ ಉಕ್ಕಿನ ಅಳತೆ ಟೇಪ್ ತಗೋ, ಅಗಲದ್ದು. ಜೊತೆಗೆ ಒಂದು ಪಿವಿಸಿ ಪೈಪು, ಪೈಪಿಗೆ ಬಿಗಿಯುವ ಕ್ಲಾಂಪು. ಟೇಪನ್ನು ಮೂರು ಕಡ್ಡಿಯಾಗಿ ಕತ್ತರಿಸು. ಹಿಂದಿನದು ಮೀಟರಿಗಿಂತ ಸ್ವಲ್ಪ ಜಾಸ್ತಿ, ಮುಂದಿನದು ಸುಮಾರು 90 ಸೆಂಟಿಮೀಟರ್. ನಡುವಿನದನ್ನು ಎರಡು ತುಂಡು ಮಾಡಿ ಕೇಬಲ್ ಬೆಸೆಯಬೇಕು. ಟೇಪಿನ ಹಳದಿ ಬಣ್ಣವನ್ನು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ ಲೋಹ ಹೊಳೆಯುವಂತೆ ಮಾಡು, ಇಲ್ಲದಿದ್ದರೆ ಬೆಸುಗೆ ಹಿಡಿಯಲ್ಲ. ಪೂರ್ತಿ ಅಳತೆಯ ಚಿತ್ರ ಕಳಿಸುತ್ತೇನೆ. ಯಾಗಿ, ಅಂದರೆ ಒಂದು ದಿಕ್ಕಿಗೆ ತಿರುಗಿಸಿ ಹಿಡಿಯುವ ಆಂಟೆನಾ, ಸಿದ್ಧ.

ಟೆರೇಸಿನ ಮೇಲೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸೋದೇ ಒಂದು ಪಾಠ. ಹೋದ ವಾರ ಸಕಲೇಶಪುರದ ಕಾಫಿ ತೋಟದಿಂದ ಒಬ್ಬರು ಕರೆಯುತ್ತಿದ್ದರು. ಯಾಗಿ ಬೇಲೂರಿನ ಕಡೆ ಇದ್ದಾಗ ಬರೀ ಶ್ಶ್ ಅನ್ನೋ ಸದ್ದು, ಅದರೊಳಗೆ ಎಲ್ಲೋ ಅಕ್ಷರ. ಪಶ್ಚಿಮಕ್ಕೆ ತಿರುಗಿಸುತ್ತಾ ಬಂದೆ. ಸದ್ದು ಇಳಿಯಿತು, ದನಿ ಎದ್ದು ಬಂತು. ಅವರ ತೋಟದಲ್ಲಿ ಜೀರುಂಡೆ ಕೂಗುತ್ತಿದ್ದದ್ದೂ ಕೇಳಿಸಿತು. ಕಡ್ಡಿಗಳನ್ನು ಅಡ್ಡ ಮಾಡಿದೆ, ದನಿ ಮುಳುಗಿತು. ನೆಟ್ಟಗೆ ಮಾಡಿದೆ, ಮತ್ತೆ ಬಂತು. ಅವರ ಆಂಟೆನಾ ನೆಟ್ಟಗಿದ್ದದ್ದಕ್ಕೆ ನನ್ನದೂ ನೆಟ್ಟಗಿರಬೇಕು. ಪೊಲರೈಸೇಶನ್ ಅಂತ ಪರೀಕ್ಷೆಗೆ ಓದಿದ್ದೆವಲ್ಲ, ಅದು ಹೀಗೆ ಕಿವಿಗೇ ಸಿಕ್ಕಿತು. ಇನ್ನೊಂದು ವಿಷಯ, ಮನೆಯ ಅಗ್ಗದ ಎಲ್‌ಇಡಿ ಬಲ್ಬುಗಳನ್ನು ಆ ಹೊತ್ತು ಆರಿಸು. ಕೆಲವು ಬಲ್ಬುಗಳ ಗಲಾಟೆಯಲ್ಲೇ ಸಣ್ಣ ಸಿಗ್ನಲ್ ಮುಚ್ಚಿಹೋಗುತ್ತದೆ.

ನಿಮ್ಮೂರಿಗಂತೂ ಮುಳ್ಳಯ್ಯನಗಿರಿ ಇದೆ. 1930 ಮೀಟರ್, ಕರ್ನಾಟಕದಲ್ಲೇ ಎತ್ತರದ ಜಾಗ. ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದರೆ ಅಲ್ಲಿಂದ ರೇಡಿಯೊ ದಿಗಂತ, ಅಂದರೆ ಸಿಗ್ನಲ್ ನೇರವಾಗಿ ತಲುಪುವ ದೂರ, ಸುಮಾರು 180 ಕಿಲೋಮೀಟರ್. ರಾತ್ರಿ ಹೊತ್ತು ಅಲ್ಲಿಗೆ ಹೋಗೋದು ಬೇಡ. ಒಂದು ಭಾನುವಾರ ಹಗಲು ಹ್ಯಾಂಡ್‌ಸೆಟ್ ಹಿಡಿದು ಹತ್ತು, ನಾನು ಇಲ್ಲಿ ಕಾಯುತ್ತೇನೆ.

ಇಷ್ಟು ಒತ್ತಾಯ ಯಾಕೆ ಅಂತೀಯಾ? 144ರಿಂದ 146 ಮೆಗಾಹರ್ಟ್ಸ್ ನಮಗೆ ಕೊಟ್ಟ ಜಾಗ. ಖಾಲಿ ಬಿದ್ದ ಸೈಟಿನ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. 2019ರಲ್ಲಿ ಯುರೋಪಿನಲ್ಲಿ ಫ್ರಾನ್ಸ್ ಇದೇ ಎರಡು ಮೆಗಾಹರ್ಟ್ಸನ್ನು ವಿಮಾನಯಾನದ ಬಳಕೆಗೂ ಪರಿಶೀಲಿಸಬೇಕು ಅಂತ ಪ್ರಸ್ತಾಪ ತಂದಿತ್ತು. ಹ್ಯಾಮ್ ಸಂಘಗಳು ಜೋರಾಗಿ ಎದ್ದು ನಿಂತವು, ಪ್ರಸ್ತಾಪ ಬಿದ್ದುಹೋಯಿತು. ಅಲ್ಲಿ ಬ್ಯಾಂಡ್ ಬಳಸುವ ಜನ ಇದ್ದರು, ಹಾಗಾಗಿ ‘ಇದು ನಮ್ಮದು’ ಅನ್ನೋಕೆ ಬಾಯಿ ಇತ್ತು.

ಮಳೆಗಾಲದ ವಿಷಯ ನಿನಗೆ ನಾನು ಹೇಳಬೇಕಿಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದದ್ದನ್ನು ನೀನು ಹತ್ತಿರದಿಂದ ಕಂಡವನು. ಕರೆಂಟ್ ಹೋಗಿ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದ ರಾತ್ರಿ ನಮ್ಮ ಸೆಟ್ ಮಾತಾಡುತ್ತದೆ. ಆದರೆ ಯಾವ ತೋಟದಿಂದ ಯಾವ ಗುಡ್ಡದಾಚೆಗೆ ಸಿಗ್ನಲ್ ದಾಟುತ್ತದೆ, ಯಾರ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದನ್ನು ಆ ರಾತ್ರಿಯೇ ಕಲಿಯೋಕಾಗಲ್ಲ, ಅಲ್ವಾ? ಮಂಗಳವಾರಗಳಲ್ಲಿ ನಾವು ಅದನ್ನೇ ಪುಸ್ತಕದಲ್ಲಿ ಬರೆದಿಡುತ್ತಿದ್ದೇವೆ. ಚಿಕ್ಕಮಗಳೂರಿನ ಪುಟ ಇನ್ನೂ ಖಾಲಿ.

ಮಗಳನ್ನೂ ಪಕ್ಕದಲ್ಲಿ ಕೂರಿಸಿಕೋ. ಲೈಸೆನ್ಸ್ ಇಲ್ಲದೆ ಅವಳು ಮೈಕ್ ಹಿಡಿಯುವಂತಿಲ್ಲ, ಕೇಳಲಿ. 12 ತುಂಬಿದೆಯಲ್ಲ, ಪರೀಕ್ಷೆಗೆ ಕೂರಬಹುದು. ಪುಸ್ತಕ ನಾನು ಕೊಡುತ್ತೇನೆ.

ಬರುವ ಮಂಗಳವಾರ ಬ್ಯಾಟರಿ ಚಾರ್ಜ್ ಮಾಡಿಟ್ಟು ಟೆರೇಸಿಗೆ ಹೋಗು. ಯಾಗಿಯನ್ನು ಆಗ್ನೇಯಕ್ಕೆ, ನಮ್ಮ ಕಡೆ ತಿರುಗಿಸು. ಎಂಟಕ್ಕೆ ನಾನೇ ನಿನ್ನ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಕ್ಕ ರೇಡಿಯೊ ಹೆಸರು) ಹಿಡಿದು ಕರೆಯುತ್ತೇನೆ. ಕೇಳಿಸದಿದ್ದರೆ ಎಂಟೂಕಾಲಿಗೆ ಇನ್ನೊಮ್ಮೆ, ಆಮೇಲೆ ಬೇಲೂರಿನ ಗೆಳೆಯರ ಮೂಲಕ ಮಾತು ದಾಟಿಸಿ ನೋಡೋಣ.

73 (ನಮ್ಮ ಹ್ಯಾಮ್ ಭಾಷೆಯಲ್ಲಿ ಶುಭಾಶಯ),
ನಿನ್ನ ಹಾಸನದ ಗೆಳೆಯ