ಗಾಳ ಹಾಕುವುದು ಸುಮ್ನೆ ಕೂರುವ ಕೆಲಸವಲ್ಲ

ಸಂಪಾದಕರೇ,

ಹೋದ ವಾರ ನಿಮ್ಮ ಪುರವಣಿಯಲ್ಲಿ ನಿವೃತ್ತರಿಗೆ ಒಗ್ಗುವ ಹವ್ಯಾಸಗಳ ಪಟ್ಟಿ ಬಂದಿತ್ತು. ಚೆಸ್ಸು, ಕೈತೋಟ, ವಾಕಿಂಗ್ ಎಲ್ಲ ಮುಗಿದ ಮೇಲೆ, 'ಏನೂ ಮಾಡದೆ ಕೂರಲು ಇಷ್ಟಪಡುವವರಿಗೆ' ಅಂತ ಕೊನೆಯಲ್ಲಿ ಗಾಳ ಹಾಕುವುದನ್ನು ಸೇರಿಸಿದ್ದೀರಿ. ಪಕ್ಕದಲ್ಲಿ ಮುಖಕ್ಕೆ ಟೋಪಿ ಮುಚ್ಚಿಕೊಂಡು ಗೊರಕೆ ಹೊಡೆಯುವವನ ಚಿತ್ರ ಬೇರೆ. ಓದಿ ಮೊದಲು ನಗು ಬಂತು. ಆಮೇಲೆ ನನ್ನ ಬೆರಳುಗಳನ್ನು ನೋಡಿಕೊಂಡೆ. ಹಿಂದಿನ ದಿನವಷ್ಟೇ ಪಂದ್ಯ ಮುಗಿಸಿ ಬಂದಿದ್ದೆ. ಚಳಿಗೆ ತುದಿ ಒಡೆದು, ಸಾರಿನ ಖಾರ ತಾಗಿದರೆ ಉರಿಯುತ್ತಿದ್ದವು.

ನಾನು ಮಂಡ್ಯ ಕಡೆಯವನು. 19 ವರ್ಷದಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಇದ್ದೇನೆ. ಚಿಕ್ಕಂದಿನಲ್ಲಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಮುದ್ದೆ ಚೂರು ಸಿಕ್ಕಿಸಿ ಪಕ್ಕೆ ಮೀನು ಹಿಡಿದವನು. ನಮ್ಮ ತಾತ ಕೊನೆಯವರೆಗೂ ಅದನ್ನು ಇರ್ವಿನ್ ನಾಲೆ ಅಂತಲೇ ಕರೆಯುತ್ತಿದ್ದರು, ಹಳೇ ವೈಸರಾಯ್ ಹೆಸರಲ್ಲಿ. ಈಗ ನನ್ನ ಮನೆ ಹತ್ತಿರ ಇರುವುದೂ ನಾಲೆಯೇ. ಕೊವೆಂಟ್ರಿ ಕೆನಾಲ್ ಅಂತ. 1768ರಲ್ಲಿ ಶುರುವಾಗಿ 1790ಕ್ಕೆ ಮುಗಿದದ್ದು, ಸುಮಾರು 61 ಕಿಲೋಮೀಟರ್ ಉದ್ದ. ಗದ್ದೆಗೆ ನೀರು ಹಾಯಿಸಲು ತೋಡಿದ್ದಲ್ಲ, ದೋಣಿಯಲ್ಲಿ ಕಲ್ಲಿದ್ದಲು ಸಾಗಿಸಲು. ಈಗ ಕಲ್ಲಿದ್ದಲು ಹೋಯಿತು, ವಿಹಾರದ ದೋಣಿಗಳು ಬಂದವು. ಮೀನು ಮಾತ್ರ ಅಲ್ಲೇ ಇದೆ.

ಇಲ್ಲಿ ಸಾಲ್ಮನ್, ಟ್ರೌಟ್ ಜಾತಿಯವನ್ನು ಬಿಟ್ಟು ಉಳಿದ ಸಿಹಿನೀರಿನ ಮೀನಿಗೆಲ್ಲ 'ಕೋರ್ಸ್ ಫಿಷ್' ಅನ್ನುತ್ತಾರೆ. ಒರಟು ಮೀನು. ಸಾಲ್ಮನ್ ದೊಡ್ಡ ಜಮೀನುದಾರರ ಪಾಲು, ಒರಟು ಮೀನು ಗಣಿ ಮತ್ತು ಕಾರ್ಖಾನೆಯವರ ಪಾಲು. ಮೀನು ಹಿಡಿಯುವ ಪಂದ್ಯಗಳು ಬೆಳೆದದ್ದೂ ಅಂಥವರ ಕ್ಲಬ್ಬುಗಳಿಂದಲೇ. ನಮ್ಮ ಕ್ಲಬ್ಬಿನಲ್ಲೂ ಪ್ಲಂಬರ್, ಲಾರಿ ಡ್ರೈವರ್, ನಿವೃತ್ತ ಮೇಷ್ಟ್ರು ಇಂಥವರೇ ಜಾಸ್ತಿ.

ಪಂದ್ಯದ ದಿನ ಬೆಳಿಗ್ಗೆ ಚೀಟಿ ಎತ್ತಬೇಕು. ಚೀಟಿಯಲ್ಲಿ ಬಂದ ನಂಬರಿನ ಜಾಗಕ್ಕೆ 'ಪೆಗ್' ಅಂತ ಹೆಸರು. ಮೊದಲ ಸಲ ಒಬ್ಬರು 'ಎಂಟು ಗಂಟೆಗೆ ಬಂದು ನಿನ್ನ ಪೆಗ್ ತಗೋ' ಅಂದಾಗ ನಾನು ಗಾಬರಿಯಾಗಿದ್ದೆ. ಮಂಡ್ಯದವನಿಗೆ ಇನ್ನೇನು ಅನ್ನಿಸಬೇಕು ಹೇಳಿ?

ಈ ಸಲದ ಪಂದ್ಯದಲ್ಲಿ ನನಗೆ ಬಂದದ್ದು ಬಯಲು ಜಾಗ. ಮರವಿಲ್ಲ, ಸೇತುವೆಯಿಲ್ಲ. ದಡದಲ್ಲಿ ತೆಳು ಮಂಜುಗಡ್ಡೆ. ಹಗ್ಗಕ್ಕೆ ಕಬ್ಬಿಣದ ತೂಕ ಕಟ್ಟಿ ಎಸೆದು ಒಡೆದೆವು. ಚಳಿಗಾಲದಲ್ಲಿ ದೋಣಿ ಓಡಾಟ ಕಡಿಮೆ. ಮಣ್ಣೆಲ್ಲ ತಳಕ್ಕೆ ಕೂತು ನೀರು ತಿಳಿಯಾಗಿಬಿಡುತ್ತದೆ. ತಿಳಿನೀರಲ್ಲಿ ಮೀನು ಹೆದರಿ ಗುಂಪು ಕಟ್ಟಿ ಎಲ್ಲೋ ಅಡಗುತ್ತದೆ. ಅದರ ಮೈಯೇ ತಣ್ಣಗಾಗಿರುವುದರಿಂದ ಹಸಿವೂ ಅಷ್ಟಕ್ಕಷ್ಟೆ. ಒಂದು ಹಿಡಿ ಮೇವು ಎಸೆದರೆ ಅಷ್ಟಕ್ಕೇ ಅದರ ಹೊಟ್ಟೆ ತುಂಬಿ, ನಮ್ಮ ದಿನ ಮುಗಿದಂತೆ. ಆದ್ದರಿಂದ ಮೇವು ಹಾಕುವುದು ಹುಣಸೆಬೀಜದಷ್ಟು. ಮಿಕ್ಸಿಯಲ್ಲಿ ಪುಡಿ ಮಾಡಿದ ಬ್ರೆಡ್ಡನ್ನು ಚಿಟಿಕೆ ಹಿಡಿದು, ಕೋಲಿನ ತುದಿಯ ಪುಟ್ಟ ಬಟ್ಟಲಲ್ಲಿಟ್ಟು, ಬೇಕಾದ ಜಾಗದ ಮೇಲೇ ಮೊಗಚಬೇಕು.

ಆ ಕೋಲು 11 ಮೀಟರ್ ಉದ್ದ. ಕಾರ್ಬನ್ನಿನದು, ತುಂಡು ತುಂಡಾಗಿ ಜೋಡಿಸುವಂಥದ್ದು. ಹೊಸದಾದರೆ ಸಾವಿರಾರು ಪೌಂಡ್ ಕೇಳುತ್ತಾರೆ, ನನ್ನದು ಸೆಕೆಂಡ್ ಹ್ಯಾಂಡ್. ದಾರ ಕೂದಲಿಗಿಂತ ಜಾಸ್ತಿ ದಪ್ಪವಿಲ್ಲ. ಗಾಳ 22ನೇ ನಂಬರು, ಅಂದರೆ ಅಕ್ಕಿ ಕಾಳಿಗಿಂತ ಸಣ್ಣದು. ಬ್ರೆಡ್ ಹಾಳೆಯ ಮೇಲೆ ಹಿತ್ತಾಳೆ ಕೊಳವೆ ಒತ್ತಿ ಮೂರು ಮಿಲಿಮೀಟರಿನ ಬಿಲ್ಲೆ ಕತ್ತರಿಸಿ ಅದಕ್ಕೆ ಸಿಕ್ಕಿಸಬೇಕು. ಕೈಗವಸು ಹಾಕಿದರೆ ಆಗದ ಕೆಲಸ. ಬೆಂಡಿನ ತುದಿ ನೀರಿನ ಮೇಲೆ ಬರೀ ಒಂದು ಚುಕ್ಕೆಯಷ್ಟು ಕಾಣಬೇಕು. ಮೀನು ಎಳೆಯುವುದಿಲ್ಲ, ಬರೀ ಬಾಯಿ ಹಾಕುತ್ತದೆ. ಚುಕ್ಕೆ ಮಾಯವಾದ ಕ್ಷಣ ಕೈ ಎತ್ತದಿದ್ದರೆ ಬರುವುದು ಖಾಲಿ ಗಾಳ. ಈ ಚುಕ್ಕೆಯನ್ನು ಐದು ಗಂಟೆ ನೋಡುವವನು ಮುಖಕ್ಕೆ ಟೋಪಿ ಮುಚ್ಚಿಕೊಳ್ಳುವುದು ಹೇಗೆ ಸ್ವಾಮಿ?

ಹತ್ತಕ್ಕೆ ಸೀಟಿ ಹೊಡೆದರು. ಮೊದಲ ಒಂದು ಗಂಟೆಯಲ್ಲಿ 13 ರೋಚ್ ಬಂದವು. ಬೆಳ್ಳಿ ಬಣ್ಣ, ಕೆಂಪು ರೆಕ್ಕೆ, ಬೆರಳುದ್ದ. ಆಮೇಲೆ ಏನೂ ಇಲ್ಲ. 40 ನಿಮಿಷ ಏನೂ ಇಲ್ಲ. ಈ ನಡುವೆ ಹಿಂದಿನ ಕಾಲುದಾರಿಯಲ್ಲಿ ಒಬ್ಬ ಸೈಕಲ್ಲಿನವನು ಬೆಲ್ ಹೊಡೆಯದೆ ಬಂದ. ಕೋಲನ್ನು ಹಿಂದಕ್ಕೆ ಎಳೆದುಕೊಳ್ಳುವಾಗ ಅದು ದಾರಿಗೆ ಅಡ್ಡ ಹೋಗುತ್ತದೆ. ಒಂದು ಗೇಣಿನಲ್ಲಿ ಕೋಲು ಉಳಿಯಿತು. ಅವನು ಬೈದ, ನಾನು ಸಾರಿ ಅಂದೆ, ಅವನೂ ಸಾರಿ ಅಂದ. ಇಂಗ್ಲೆಂಡ್ ಅಲ್ವಾ.

ಹನ್ನೆರಡರ ಹೊತ್ತಿಗೆ ಒಂದು ದೋಣಿ ಬಂತು. ಚುಕ್ಕಾಣಿ ಹಿಡಿದವರು ಟೀ ಲೋಟ ಎತ್ತಿ ಕೈ ಬೀಸಿದರು. ಹೊಸಬರಾದರೆ ದೋಣಿಗೆ ಶಾಪ ಹಾಕುತ್ತಾರೆ. ಪಕ್ಕದ ಪೆಗ್ಗಿನ ಮೇಷ್ಟ್ರು ಮಾತ್ರ 'ಈಗ ನೋಡು' ಅಂತ ಕಣ್ಣು ಹೊಡೆದರು. ತಳದ ಕೆಸರೆದ್ದು ನೀರು ಟೀ ಬಣ್ಣಕ್ಕೆ ತಿರುಗಿತು. ನಾನು ಬ್ರೆಡ್ ಬಿಟ್ಟು ಪಿಂಕಿ ಸಿಕ್ಕಿಸಿದೆ. ಹಸಿರು ನೊಣದ ಮರಿಹುಳು ಅದು. ಚೂರು ಹತ್ತಿರದ ಇಳಿಜಾರಿನಲ್ಲಿ, ತಳಕ್ಕೆ ತಾಗುವ ಹಾಗೆ ಇಟ್ಟೆ. ಗಜನ್ ಬಂದವು. ಬಾಯಿಯ ಎರಡೂ ಕಡೆ ಒಂದೊಂದು ಪುಟ್ಟ ಮೀಸೆ, ಮೈಮೇಲೆ ನೀಲಿ ಮಚ್ಚೆ, ತೂಕ ಹತ್ತು ಗ್ರಾಂ ಇದ್ದರೆ ಜಾಸ್ತಿ. ಒಂದೊಂದನ್ನೂ ಮೊಟ್ಟೆ ಹಿಡಿದ ಹಾಗೆ ಬಲೆಯೊಳಗೆ ಇಳಿಸಿದೆ.

ಮೂರಕ್ಕೆ ಸೀಟಿ. ಒಟ್ಟು 28 ಮೀನು. ತಕ್ಕಡಿಯಲ್ಲಿ 11 ಔನ್ಸ್ 8 ಡ್ರಾಮ್, ಅಂದರೆ ಸುಮಾರು 326 ಗ್ರಾಂ. ಮೇಷ್ಟ್ರದು 11 ಔನ್ಸ್ 10 ಡ್ರಾಮ್. ಎರಡು ಡ್ರಾಮ್ ಅಂದರೆ ಮೂರೂವರೆ ಗ್ರಾಂ, ಅರ್ಧ ಟೀ ಚಮಚ ಉಪ್ಪು. ಅಷ್ಟಕ್ಕೆ ನಾನು ನಮ್ಮ ವಿಭಾಗದಲ್ಲಿ ನಾಲ್ಕನೆಯವನಾದೆ. ತಂಡದ ಪಂದ್ಯದಲ್ಲಿ ಮೊದಲು ಬಂದವನಿಗೆ ಒಂದು ಅಂಕ, ಎರಡನೆಯವನಿಗೆ ಎರಡು, ಹೀಗೆ ಲೆಕ್ಕ. ಅಂಕ ಕಡಿಮೆ ಇದ್ದವರು ಗೆದ್ದಂತೆ. ಹಾಗಾಗಿ ಒಂದೇ ಒಂದು ಗಜನ್ ಇಡೀ ತಂಡವನ್ನು ಏರಿಸಬಹುದು, ಇಳಿಸಬಹುದು. ನಾನು ಸಿಕ್ಕಿಸದೆ ಕಳೆದುಕೊಂಡ ಆ ಒಂದು ಮೀನು ಇನ್ನೂ ಕಣ್ಣ ಮುಂದೆ ಇದೆ. ತೂಕ ಆದ ಮೇಲೆ ಎಲ್ಲವನ್ನೂ ಜೀವಂತ ನೀರಿಗೆ ಬಿಟ್ಟೆವು.

ಇದಕ್ಕೆ 1957ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಇಂಗ್ಲೆಂಡಿನ ಬಾಬ್ ನಡ್ ನಾಲ್ಕು ಸಲ ಗೆದ್ದವರು. ಅಲನ್ ಸ್ಕಾಟ್‌ಥಾರ್ನ್ ಐದು ಸಲ, ಅದರಲ್ಲಿ 1996ರಿಂದ 98ರವರೆಗೆ ಸತತ ಮೂರು ವರ್ಷ. ನಿಮ್ಮ ಕ್ರೀಡಾ ಪುಟದಲ್ಲಿ ಈ ಹೆಸರು ನಾನಂತೂ ನೋಡಿಲ್ಲ. ಅದು ಬಿಡಿ, ಕ್ರಿಕೆಟ್ಟಿಗೇ ಜಾಗ ಸಾಲದು ನಿಮಗೆ.

ನಮ್ಮವ್ವನಿಗೂ ಇದು ಆಟ ಅಂತ ಇನ್ನೂ ಒಪ್ಪಿಗೆಯಾಗಿಲ್ಲ. ಫೋನಿನಲ್ಲಿ 'ಹಿಡ್ದಿದ್ನ ಬುಟ್ಬುಡ್ತೀಯಾ? ಒಂದೊತ್ತು ಸಾರ್‌ಗಾದ್ರೂ ಆಗ್ತಿತ್ತಲ್ಲ ಮಗ' ಅಂತಾಳೆ. 326 ಗ್ರಾಮಿಗೆ ಎಂಥ ಸಾರು ಅಂತ ನಾನು ಹೇಳಲಿಲ್ಲ.

ತಿದ್ದುಪಡಿ ಹಾಕಿ ಅಂತ ಹಠವಿಲ್ಲ. ಮುಂದೆ ಯಾವಾಗಲಾದರೂ ಅದೇ ಪಟ್ಟಿ ಮಾಡಿದರೆ, ಗಾಳವನ್ನು ಗೊರಕೆಯ ಪಕ್ಕದಿಂದ ಎತ್ತಿ ಚೆಸ್ಸಿನ ಪಕ್ಕ ಕೂರಿಸಿ, ಸಾಕು. ಬರುವ ಭಾನುವಾರ ಮತ್ತೆ ಪಂದ್ಯವಿದೆ. ಈ ಸಲ ಸೇತುವೆ ಪಕ್ಕದ ಪೆಗ್ ಬರಲಿ ಅಂತ ಕಾಯುತ್ತಿದ್ದೇನೆ.

– ಮಂಡ್ಯ ಮೂಲದ ಓದುಗ, ಕೊವೆಂಟ್ರಿ, ಇಂಗ್ಲೆಂಡ್